ಕಾಲು ಇದ್ದಷ್ಟು ಹಾಸಿಗೆ ಇರಲಿ

ಕಳೆದ ನವೆಂಬರ್ ತಿಂಗಳಲ್ಲಿ ತಂದೆ, ಮಗ ಇಬ್ಬರೂ ನನ್ನ ಕ್ಲಿನಿಕ್ಕಿಗೆ ಬಂದರು. ತಂದೆಯವರಿಗೆ 54 ವರ್ಷ, ಬ್ಯಾಂಕ್ ನೌಕರಿ, 12 ವರ್ಷಗಳಿಂದ ಸಕ್ಕರೆ ಕಾಯಿಲೆ. ಮಗನಿಗೆ 24. ಡಿಸೆಂಬರ್ ಕೊನೆಯಲ್ಲಿ ಇಬ್ಬರೂ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೊರಟಿದ್ದರು. ವೈದ್ಯಕೀಯ ಪ್ರಮಾಣಪತ್ರಕ್ಕೆ ನನ್ನ ಸಹಿ ಬೇಕಿತ್ತು. ರಕ್ತದೊತ್ತಡ, ಇಸಿಜಿ ಎಲ್ಲವೂ ಸರಿಯಾಗಿತ್ತು.

ಮಾತಿನ ನಡುವೆ ಮಗ ಹೇಳಿದ: "ಡಾಕ್ಟ್ರೇ, ಮಲಗೋಕೆ ಇಬ್ಬರಿಗೂ ನಾಲ್ಕಡಿ ಮ್ಯಾಟ್ ತಗೊಂಡಿದ್ದೀನಿ. ಭುಜದಿಂದ ಮೊಣಕಾಲಿನವರೆಗೆ ಇದ್ದರೆ ಸಾಕಂತೆ. ಹೊರೆಯೂ ಕಡಿಮೆ."

ನಾನು ತಂದೆಯವರ ಚಪ್ಪಲಿ ಬಿಚ್ಚಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ನೈಲಾನ್ ಎಳೆಯಿಂದ ಪಾದಗಳನ್ನು ಮುಟ್ಟಿ ನೋಡಿದೆ. ಹೆಬ್ಬೆರಳುಗಳನ್ನು ಮುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. ಪಾದದ ಸ್ಪರ್ಶಜ್ಞಾನ ಕುಂದಿತ್ತು. ನಾಲ್ಕಡಿಯ ಮ್ಯಾಟ್‌ನಿಂದ ಹೊರಗೆ, ಹಿಮದ ನೆಲದ ಮೇಲೆ ರಾತ್ರಿಯಿಡೀ ಇರಬೇಕಾಗಿದ್ದುದು ಇದೇ ಪಾದಗಳು!

ನೆಲ ಶಾಖವನ್ನು ಕದಿಯುವ ಬಗೆ

ಬೇಸಿಗೆಯ ಮಧ್ಯಾಹ್ನ ಬರಿ ನೆಲದ ಮೇಲೆ ಮಲಗಿದರೆ ಹಿತವೆನಿಸುತ್ತದೆ. ಕಾರಣ, ತಂಪು ನೆಲ ನಮ್ಮ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಹಿಮದ ಮೇಲೆ ಹಾಕಿದ ಟೆಂಟಿನಲ್ಲೂ ನಡೆಯುವುದು ಇದೇ. ಆದರೆ ಅಲ್ಲಿ ಹೀರುವುದು ನಿಲ್ಲುವುದೇ ಇಲ್ಲ. ಕೇದಾರಕಂಠದ ಎತ್ತರ ಸುಮಾರು 12,500 ಅಡಿ. ಡಿಸೆಂಬರ್ ರಾತ್ರಿಗಳಲ್ಲಿ ಅಲ್ಲಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ.

"ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ?" ಎಂದು ನೀವು ಕೇಳಬಹುದು. ಬ್ಯಾಗ್ ಬೆಚ್ಚಗಿಡುವುದು ತನ್ನ ತುಪ್ಪುಳಿನಲ್ಲಿ ಹಿಡಿದಿಟ್ಟ ಗಾಳಿಯಿಂದ. ಮೈಭಾರಕ್ಕೆ ಕೆಳಭಾಗ ಅಪ್ಪಚ್ಚಿಯಾದಾಗ ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಆ ಜಾಗದಲ್ಲಿ ನಿಮ್ಮನ್ನು ಕಾಯುವುದು ಮ್ಯಾಟ್ ಮಾತ್ರ.

ಚಳಿಯಾದಾಗ ದೇಹವು ಹೃದಯ, ಮಿದುಳುಗಳ ರಕ್ಷಣೆಗಾಗಿ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆದ್ದರಿಂದ ಮೊದಲು ತಣ್ಣಗಾಗುವುದು ಪಾದ. ಪಾದ ತಣ್ಣಗಿದ್ದರೆ ನಿದ್ರೆ ಬೇಗ ಹತ್ತುವುದಿಲ್ಲ. ಚಳಿಗೆ ಮೂತ್ರವೂ ಹೆಚ್ಚಾಗುವುದರಿಂದ ನಡುರಾತ್ರಿ ಹೊರಗೆ ಹೋಗಬೇಕಾಗುತ್ತದೆ. ನಿದ್ದೆಗೆಟ್ಟವರು ಮರುದಿನ ಜಾರುವ ದಾರಿಯಲ್ಲಿ ಎಡವುವ ಸಂಭವ ಹೆಚ್ಚು.

ಯಾರಿಗೆ ಎಷ್ಟು ಉದ್ದ?

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳು ಸಿಗುತ್ತವೆ: ಸುಮಾರು 4 ಅಡಿ (120 ಸೆಂ.ಮೀ.), 6 ಅಡಿ (183 ಸೆಂ.ಮೀ.) ಮತ್ತು ಆರೂವರೆ ಅಡಿ (196 ಸೆಂ.ಮೀ.). ಕೆಲವು ಕಂಪನಿಗಳು ಐದೂವರೆ ಅಡಿಯದನ್ನೂ ಮಾಡುತ್ತವೆ.

ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಓದಿ ಮುಗಿಸಿದ ಪತ್ರಿಕೆಯ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ. ದಿಂಬಿಟ್ಟುಕೊಂಡು, ನೀವು ದಿನವೂ ಮಲಗುವ ಭಂಗಿಯಲ್ಲೇ ಮಲಗಿ. ದಿಂಬಿನ ತುದಿಯಿಂದ ಹಿಮ್ಮಡಿಯವರೆಗೆ ಮನೆಯವರಿಂದ ಗುರುತು ಹಾಕಿಸಿ. ಆ ಅಳತೆಗೆ ಮೂರು ನಾಲ್ಕು ಅಂಗುಲ ಸೇರಿಸಿ, ಏಕೆಂದರೆ ನಿದ್ದೆಯಲ್ಲಿ ಎಲ್ಲರೂ ಜರುಗುತ್ತಾರೆ. ಮಗ್ಗುಲಾಗಿ ಮಂಡಿ ಮಡಚಿ ಮಲಗುವವರಿಗೆ ಉದ್ದ ಕಡಿಮೆ ಸಾಕು. ಅಂಗಾತ ಕಾಲು ಚಾಚಿ ಮಲಗುವವರಿಗೆ ಹೆಚ್ಚು ಬೇಕು.

ನಾಲ್ಕಡಿಯ ಮ್ಯಾಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆರೋಗ್ಯವಂತ ಯುವಕರು, ಚಳಿ ಕಡಿಮೆಯಿರುವ ಕಡೆ, ತಲೆಯಡಿಗೆ ಬಟ್ಟೆಗಂಟು, ಕಾಲಡಿಗೆ ಖಾಲಿ ಬೆನ್ನುಚೀಲ ಇಟ್ಟುಕೊಂಡು ಆರಾಮವಾಗಿ ಮಲಗಬಹುದು. ಆದರೆ ಹಿಮದ ಮೇಲೆ ಯಾರಿಗೂ ಅದು ಬೇಡ. ಇನ್ನು ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತಸಂಚಾರ ಕಡಿಮೆಯಿರುವವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು, ಬೀಡಿ ಸಿಗರೇಟು ಸೇದುವವರು, ವಯಸ್ಸಾದವರು ಹಾಗೂ ಮಕ್ಕಳು ತಂಪು ಇರುವ ಎಲ್ಲ ಕಡೆಯೂ ಪೂರ್ತಿ ಉದ್ದದ ಮ್ಯಾಟನ್ನೇ ಬಳಸಬೇಕು.

ಹೊರೆಯ ಲೆಕ್ಕವನ್ನೂ ನೋಡೋಣ. ಆರಡಿಯ ಫೋಮ್ ಮ್ಯಾಟ್ ಸುಮಾರು 400 ಗ್ರಾಂ ತೂಗಿದರೆ, ಅದೇ ಬಗೆಯ ನಾಲ್ಕಡಿಯದು ಸುಮಾರು 270 ಗ್ರಾಂ. ಉಳಿತಾಯ ಒಂದು ಲೋಟ ನೀರಿಗಿಂತ ಹೆಚ್ಚಲ್ಲ. ಇಷ್ಟಕ್ಕಾಗಿ ಪಾದಗಳನ್ನು ಒಡ್ಡಬೇಕೇ?

ಉದ್ದ ಒಂದೇ ಸಾಲದು

ಮ್ಯಾಟ್ ಎಷ್ಟು ಶಾಖ ತಡೆಯುತ್ತದೆ ಎಂಬುದನ್ನು ‘ಆರ್-ವ್ಯಾಲ್ಯೂ’ ಎಂಬ ಅಂಕಿ ತಿಳಿಸುತ್ತದೆ. ಅಂಕಿ ಹೆಚ್ಚಿದ್ದಷ್ಟೂ ಬೆಚ್ಚಗೆ. ಸಾಧಾರಣ ಚಳಿಗೆ 2ರಿಂದ 4 ಸಾಕು, ಹಿಮಕ್ಕೆ 5ರ ಆಸುಪಾಸು ಬೇಕು. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಿದರೆ ಎರಡರ ಅಂಕಿಗಳೂ ಕೂಡುತ್ತವೆ. ಗಾಳಿ ತುಂಬುವ ಮ್ಯಾಟ್ ಮೆತ್ತಗಿರುತ್ತದೆ, ಆದರೆ ತೂತಾದರೆ ಉಪಯೋಗವಿಲ್ಲ. ಆದ್ದರಿಂದ ಅದರ ಕೆಳಗೆ ತೆಳು ಫೋಮ್ ಒಂದಿದ್ದರೆ ಒಳ್ಳೆಯದು.

ಎಚ್ಚರಿಕೆಗಳು

* ಮಲಗುವ ಮುನ್ನ ಒದ್ದೆ ಕಾಲುಚೀಲ ಬದಲಿಸಿ, ಒಣಗಿದ, ಸಡಿಲವಾದ ಉಣ್ಣೆಯದನ್ನು ಹಾಕಿಕೊಳ್ಳಿ.
* ಸ್ಪರ್ಶಜ್ಞಾನ ಕುಂದಿದವರು ಪಾದಕ್ಕೆ ಬಿಸಿನೀರಿನ ಚೀಲ ಇಡಬಾರದು, ಬೆಂಕಿಗೆ ಕಾಲು ಒಡ್ಡಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬೆಳಿಗ್ಗೆ, ರಾತ್ರಿ ಪಾದಗಳನ್ನು ಕಣ್ಣಿನಿಂದ ನೋಡಿಯೇ ಪರೀಕ್ಷಿಸಬೇಕು.
* ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬೇಡಿ, ಹಿಮ ಹಚ್ಚಬೇಡಿ. ಒಣಬಟ್ಟೆ ಸುತ್ತಿ, ಬೇಗನೆ ವೈದ್ಯರ ನೆರವು ಸಿಗುವ ಕಡೆ ಇಳಿಯಿರಿ.
* ಚಳಿಗೆಂದು ಮದ್ಯ ಸೇವಿಸುವುದು ಅಪಾಯ. ಚರ್ಮದ ರಕ್ತನಾಳಗಳು ಹಿಗ್ಗಿ ಶಾಖ ಇನ್ನಷ್ಟು ಹೊರಹೋಗುತ್ತದೆ.
* ವಿಪರೀತ ನಡುಕ, ತೊದಲು ಮಾತು, ತಡವರಿಸುವ ನಡಿಗೆ, ಮಂಕು ಕವಿಯುವುದು ದೇಹದ ಉಷ್ಣತೆ ಕುಸಿಯುತ್ತಿರುವ ಲಕ್ಷಣಗಳು. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ಒಣಬಟ್ಟೆ ತೊಡಿಸಿ, ಮ್ಯಾಟ್ ಮೇಲೆ ಮಲಗಿಸಿ, ಹೊದಿಸಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ.

ಆ ತಂದೆಯವರ ಹಿಮದ ಚಾರಣಕ್ಕೆ ನಾನು ಸಹಿ ಹಾಕಲಿಲ್ಲ. ಅವರಿಗೆ ಬೇಸರವಾಯಿತು, ಮಗನಿಗೆ ಇನ್ನೂ ಹೆಚ್ಚು. ಡಿಸೆಂಬರ್‌ನಲ್ಲಿ ಮಗ ಆರಡಿಯ ಮ್ಯಾಟ್ ಹೊತ್ತು ಸ್ನೇಹಿತರೊಡನೆ ಹೋಗಿಬಂದ. ತಂದೆಯವರು ಸಕ್ಕರೆಯನ್ನು ಹತೋಟಿಗೆ ತಂದುಕೊಂಡು, ಏಪ್ರಿಲ್‌ನಲ್ಲಿ ಹಿಮವಿಲ್ಲದ ತಗ್ಗಿನ ಕಣಿವೆಯೊಂದಕ್ಕೆ ಮಗನೊಡನೆ ಹೋದರು. ಅವರ ಎತ್ತರ 5 ಅಡಿ 10 ಅಂಗುಲ, ಮಲಗುವುದು ಅಂಗಾತ. ಹಾಗಾಗಿ ಆರೂವರೆ ಅಡಿಯ ಮ್ಯಾಟ್ ಕೊಂಡಿದ್ದರು. ಬಂದವರು ಮೊದಲು ಕ್ಲಿನಿಕ್ಕಿಗೆ ಬಂದು ಪಾದ ತೋರಿಸಿದರು. ಒಂದು ಗುಳ್ಳೆಯೂ ಇರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣದ ವಿಚಾರಕ್ಕೆ. ಬೆಟ್ಟದ ಚಳಿಯಲ್ಲಿ ಮಾತ್ರ ಕಾಲು ಇದ್ದಷ್ಟು ಹಾಸಿಗೆ ಇರಲಿ.