ಉಳಿದ 300 ಹರಳು

ಮಕ್ಕಳೇ, ಈ ವರ್ಷ 'ಅಂಗಡಿ, ಬೆಲೆ, ಚಿಲ್ಲರೆ' ಪಾಠ ಶುರು ಮಾಡಿದ್ದೇ ತಡ, ನೀವೆಲ್ಲ ತರಕಾರಿ ಬಿಟ್ಟು ವಿಡಿಯೋ ಗೇಮಿನ ಮಾತಿಗೆ ಹೋದಿರಿ. "ಅಂಕಲ್, ಗೇಮ್ ಫ್ರೀ ಅಂತಾರೆ, ಆಮೇಲೆ ಎಲ್ಲದಕ್ಕೂ ದುಡ್ಡು ಕೇಳ್ತಾರೆ!" ನಿಮ್ಮ ಸಿಟ್ಟು ಸರಿಯಾದದ್ದೇ. ಪೆನ್ಸಿಲ್ ತಗೊಳ್ಳಿ, ಲೆಕ್ಕ ಮಾಡೋಣ.

ಒಂದು ಗೇಮಿನಲ್ಲಿ 5 ಡಾಲರಿಗೆ 500 ಹರಳು ಸಿಗುತ್ತವೆ ಅಂದುಕೊಳ್ಳಿ. (ನೀವು ಜೆಮ್ಸ್ ಅನ್ನುತ್ತೀರಲ್ಲ, ಅದೇ.) ನಿಮಗೆ ಬೇಕಾದ ಕತ್ತಿಯ ಬೆಲೆ 700 ಹರಳು. ಒಂದು ಪ್ಯಾಕ್ ಸಾಲದು, ಎರಡು ಕೊಳ್ಳಬೇಕು. 10 ಡಾಲರ್ ಹೋಯಿತು, 300 ಹರಳು ಉಳಿಯಿತು. ಅದನ್ನು ವಾಪಸ್ ಕೊಟ್ಟು 3 ಡಾಲರ್ ಕೇಳುವ ಹಾಗಿಲ್ಲ. ಅಷ್ಟರಲ್ಲಿ 500 ಹರಳಿನ ಟೋಪಿ ಕಣ್ಣಿಗೆ ಬೀಳುತ್ತದೆ. "ಇನ್ನು ಬರೀ 200 ಬೇಕು!" ಮತ್ತೆ ಒಂದು ಪ್ಯಾಕ್. ಈಗ ಎಷ್ಟು ಉಳಿಯಿತು? ಮತ್ತೆ ಅದೇ 300!

ಊರಿಗೆ ಹೋದಾಗ ಅಜ್ಜನನ್ನು ಕೇಳಿ ನೋಡಿ. ಅಂಗಡಿಯವರು "ಚಿಲ್ಲರೆ ಇಲ್ಲ" ಅಂತ ಚಾಕಲೇಟ್ ಕೈಗಿಡುತ್ತಿದ್ದರು. ಅದನ್ನಾದರೂ ತಿನ್ನಬಹುದಿತ್ತು.

ಹೋದ ವರ್ಷ ನನ್ನ ಮಗ ಹುಟ್ಟುಹಬ್ಬಕ್ಕೆ ಬಂದ 40 ಡಾಲರನ್ನು ಹೀಗೇ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ. ಚೆನ್ನಾಗಿ ಬೈದೆ. ರಾತ್ರಿ ಆ ಗೇಮನ್ನು ನಾನೇ ತೆರೆದು ನೋಡಿದೆ. 'ಕೊಳ್ಳಿ' ಬಟನ್ ಹೆಬ್ಬೆರಳಿನಷ್ಟು, 'ಬೇಡ' ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ಬಟನ್ ಎಲ್ಲಿಡಬೇಕು, ಎಷ್ಟು ದೊಡ್ಡದಿರಬೇಕು ಅಂತ ಆಫೀಸಿನಲ್ಲಿ ನಾವು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಅದು ತಾನಾಗಿ ಆಗುವಂಥದ್ದಲ್ಲ. ಬೆಳಿಗ್ಗೆ ಮಗನಿಗೆ ಸಾರಿ ಹೇಳಿದೆ, ಬೈದದ್ದರಲ್ಲಿ ಅರ್ಧಕ್ಕೆ ಮಾತ್ರ.

ದೊಡ್ಡವರೂ ಹೀಗೇ ಸಿಟ್ಟಾಗಿದ್ದಾರೆ. 2017ರ ನವೆಂಬರಿನಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಂದಾಗ, 60 ಡಾಲರ್ ಕೊಟ್ಟು ಗೇಮ್ ಕೊಂಡವರಿಗೂ ಡಾರ್ತ್ ವೇಡರ್ ಬೇಕಾದರೆ 60,000 ಕ್ರೆಡಿಟ್ ಕೂಡಿಸಬೇಕಿತ್ತು. ಆಟಗಾರರು ಲೆಕ್ಕ ಹಾಕಿದರು: ಸುಮಾರು 40 ಗಂಟೆ ಆಟ! ಗಲಾಟೆ ಎಷ್ಟಾಯಿತೆಂದರೆ ಕಂಪನಿ ಅದನ್ನು 15,000ಕ್ಕೆ ಇಳಿಸಿತು. ಬಿಡುಗಡೆಯ ಹಿಂದಿನ ದಿನ, ಗೇಮಿನ ಒಳಗೆ ದುಡ್ಡು ಕೊಟ್ಟು ಕೊಳ್ಳುವುದನ್ನೇ ನಿಲ್ಲಿಸಿತು. (ಕೆಲವು ತಿಂಗಳ ಮೇಲೆ ಬಟ್ಟೆಬರೆ ಮಾರಲು ಮತ್ತೆ ಶುರು ಮಾಡಿತು, ಅದು ಬೇರೆ ಮಾತು.) 2022ರಲ್ಲಿ ಅಮೆರಿಕದ ಎಫ್‌ಟಿಸಿ ನಿಮ್ಮ 'ಫೋರ್ಟ್‌ನೈಟ್' ಕಂಪನಿಯ ಮೇಲೆ ದೂರು ಹಾಕಿತು: ಲೋಡ್ ಆಗುವಾಗ ಒಂದು ಬಟನ್ ತಾಗಿದರೂ ದುಡ್ಡು ಹೋಗುತ್ತೆ ಅಂತ. ಆಟಗಾರರಿಗೆ ಹಿಂದಿರುಗಿಸಲು ಕಂಪನಿ 24.5 ಕೋಟಿ ಡಾಲರ್ ಕೊಡಲು ಒಪ್ಪಿತು.

ರಜೆಗೆ ಮನೆಗೆಲಸ: ನಿಮ್ಮ ಗೇಮಿನಲ್ಲಿ ಒಂದು ವಸ್ತು ಆರಿಸಿ. ಅದರ ಬೆಲೆಯನ್ನು ಡಾಲರಿಗೆ ತಿರುಗಿಸಿ, ಎಷ್ಟು ಚಿಲ್ಲರೆ ಉಳಿಯುತ್ತೆ ಅಂತ ಕನ್ನಡದಲ್ಲಿ ಬರೆದುಕೊಂಡು ಬನ್ನಿ. ಕೊಳ್ಳಬೇಡಿ, ಬರೀ ಲೆಕ್ಕ!