ಯೀಸ್ಟ್ ಕೋಶದ ಗೋಡೆ: ಅನ್ವಯವೂ ವ್ಯತಿರೇಕವೂ

ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದೂ ಈಚಲ ಮರದ ಸಿಹಿ ರಸವನ್ನು ಹೆಂಡವಾಗಿಸುವುದೂ ಯೀಸ್ಟ್ ಎಂಬ ಅಣುಜೀವಿಯ ಕೆಲಸ. ಇದರ ದೇಹವೆಲ್ಲ ಒಂದೇ ಒಂದು ಕೋಶ. ಸಂಸ್ಕೃತದಲ್ಲಿ 'ಕಿಣ್ವ'ವೆಂದರೆ ಮದ್ಯವನ್ನು ಹುಳಿಸುವ ಹುದುಗು. ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಎನ್‌ಜೈಮುಗಳಿಗೆ ನಾವು ಇಂದು ಅದೇ ಹೆಸರನ್ನಿಟ್ಟಿದ್ದೇವೆ. ಎನ್‌ಜೈಮ್ ಶಬ್ದದ ಗ್ರೀಕ್ ಮೂಲಕ್ಕೂ 'ಹುದುಗಿನೊಳಗೆ' ಎಂದೇ ಅರ್ಥ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ಸಹಪಾಠಿಗಳು ಕೇಳಬಹುದು. ತರ್ಕಶಾಸ್ತ್ರದಲ್ಲಿ ನಾವು ಓದುವ ಅನ್ವಯ–ವ್ಯತಿರೇಕಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲವೆಂಬುದೇ ಅದಕ್ಕೆ ಉತ್ತರ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ.

ಯೀಸ್ಟ್ ಕೋಶದ ಸುತ್ತ ಗಟ್ಟಿಯಾದ ಗೋಡೆಯೊಂದಿದೆ. ಅದಿಲ್ಲದಿದ್ದರೆ ಹೊರಗಿನ ನೀರು ಒಳನುಗ್ಗಿ ಕೋಶವು ಒಡೆದುಹೋಗುವುದು. ಗೋಡೆಯ ಬಹುಭಾಗ ಗ್ಲೂಕನ್ ಮತ್ತು ಮ್ಯಾನೊಪ್ರೋಟೀನ್. ನೂರಕ್ಕೆ ಒಂದೆರಡು ಪಾಲು ಮಾತ್ರ ಕೈಟಿನ್. ಏಡಿಯ ಚಿಪ್ಪಿನಲ್ಲಿರುವುದೂ ಈ ಕೈಟಿನ್ನೇ. ಪಾಲು ಅಲ್ಪವಾದರೂ ಅದರ ಕಾರ್ಯ ಅಲ್ಪವಲ್ಲ. ತಾಯಿಕೋಶದ ಮೈಮೇಲೆ ಮೊಗ್ಗು ಮೂಡಿದಾಗ ಅದರ ಕತ್ತಿನ ಸುತ್ತ ಕೈಟಿನ್ನಿನ ಉಂಗುರವೇರ್ಪಡುತ್ತದೆ. ಮಗುಕೋಶವು ಬೇರೆಯಾಗುವ ಮುನ್ನ ಇಬ್ಬರ ನಡುವೆ ಕೈಟಿನ್ನಿನ ಅಡ್ಡಗೋಡೆ ಏಳುತ್ತದೆ. ಬೇರೆಯಾದ ಮೇಲೆ ತಾಯಿಯ ಮೈಮೇಲೆ ಕಲೆಯೊಂದು ಉಳಿಯುತ್ತದೆ. ಕಲೆಗಳನ್ನೆಣಿಸಿ ಎಷ್ಟು ಹೆರಿಗೆಗಳಾದವೆಂದು ಹೇಳಬಹುದು!

ಈ ಕೈಟಿನ್ನನ್ನು ಕಟ್ಟುವ ಕಿಣ್ವ ಯಾವುದು? ಎನ್ರಿಕೊ ಕಬೀಬ್ ಎಂಬ ವಿಜ್ಞಾನಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಇಟಲಿಯಲ್ಲಿ ಹುಟ್ಟಿದ ಇವರು ಅರ್ಜೆಂಟೀನಾದಲ್ಲಿ, ಮುಂದೆ 1970ರಲ್ಲಿ ನೊಬೆಲ್ ಬಹುಮಾನ ಪಡೆದ ಲೆಲುವಾರ್ ಅವರೊಡನೆ ದುಡಿದು, ಅನಂತರ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. ಅವರಿಗೆ ದೊರೆತ ಕಿಣ್ವವು ಕೋಶದಲ್ಲಿ ನಿದ್ರಿಸುತ್ತಿರುತ್ತಿತ್ತು. ಪ್ರೋಟೀನನ್ನು ಕತ್ತರಿಸುವ ಇನ್ನೊಂದು ಕಿಣ್ವ ತಾಗಿದೊಡನೆ ಎಚ್ಚೆತ್ತು ಕೈಟಿನ್ನನ್ನು ಹೆಣೆಯುತ್ತಿತ್ತು. ಮೊಗ್ಗಿನ ಕತ್ತಿನಲ್ಲಿ ಸಕಾಲಕ್ಕೆ ಇದು ಎಚ್ಚರಗೊಳ್ಳುವುದರಿಂದಲೇ ಗೋಡೆ ಅಲ್ಲಿಯೇ ಏಳುತ್ತದೆಂದು ಊಹಿಸಲಾಯಿತು. ಊಹೆ ಸುಂದರವಾಗಿತ್ತು, ಆದರೆ ಅದಕ್ಕಿದ್ದುದು ಅನ್ವಯದ ಬೆಂಬಲ ಮಾತ್ರ.

ವ್ಯತಿರೇಕದ ಪರೀಕ್ಷೆಯನ್ನು ತಳಿಶಾಸ್ತ್ರವು ಒದಗಿಸಿತು. ಆರಿಸಿದ ಒಂದು ಜೀನನ್ನು ಮಾತ್ರ ಕೆಡಿಸಿ ಉಳಿದುದನ್ನೆಲ್ಲ ಹಾಗೆಯೇ ಬಿಡುವುದು ಯೀಸ್ಟಿನಲ್ಲಿ ಸಾಧ್ಯ. 1986ರಲ್ಲಿ ಈ ಕಿಣ್ವದ ಜೀನನ್ನು ಕೆಡಿಸಿ ನೋಡಿದರು. ಗೋಡೆ ಏಳಬಾರದಾಗಿತ್ತು. ಆದರೆ ಕೋಶಗಳು ಬದುಕಿದವು, ಕೈಟಿನ್ನೂ ಇತ್ತು! ಹಳೆಯ ಊಹೆಯನ್ನು ಕೆಡವಿದ ಆ ಲೇಖನದ ಕರ್ತೃಗಳಲ್ಲಿ ಸ್ವತಃ ಕಬೀಬರೂ ಒಬ್ಬರು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ಎರಡನೆಯ ಕಿಣ್ವ ಬೆಳಕಿಗೆ ಬಂದಿತು. ಅಡ್ಡಗೋಡೆಯನ್ನು ಕಟ್ಟುವುದು ಅದು. ಉಂಗುರವನ್ನೂ ಗೋಡೆಯ ಹೆಚ್ಚಿನ ಕೈಟಿನ್ನನ್ನೂ ಮಾಡುವುದು ಮೂರನೆಯದೆಂದು 1991ರ ಹೊತ್ತಿಗೆ ಸ್ಪಷ್ಟವಾಯಿತು. ಇವೆರಡೂ ಒಟ್ಟಿಗೆ ಇಲ್ಲವಾದರೆ ಯೀಸ್ಟ್ ಉಳಿಯದು. ಹಾಗಾದರೆ ಮೊದಲನೆಯದು ವ್ಯರ್ಥವೇ? ಅಲ್ಲ. ತಾಯಿಮಗು ಬೇರ್ಪಡುವಾಗ ಅಡ್ಡಗೋಡೆಯ ಕೈಟಿನ್ನನ್ನು ಇನ್ನೊಂದು ಕಿಣ್ವ ಕತ್ತರಿಸುತ್ತದೆ. ಆ ಕತ್ತರಿ ಅತಿಯಾಗಿ ಆಡಿದರೆ ಮಗುಕೋಶದ ಗೋಡೆ ತೂತಾಗುವುದು. ಆ ತೂತನ್ನು ಮುಚ್ಚುವುದು ಮೊದಲನೆಯದರ ಕೆಲಸವೆಂದು 1989ರಲ್ಲಿ ಕಬೀಬರ ತಂಡವೇ ತೋರಿಸಿತು. ಗೋಡೆ ಕಟ್ಟುವ ಮೇಸ್ತ್ರಿಯೆಂದು ತಿಳಿದಿದ್ದವನು ಬಿರುಕು ಮುಚ್ಚುವ ಕೆಲಸಗಾರನಾಗಿದ್ದ.

ಇಂತಹ ಗೋಡೆ ಮನುಷ್ಯನ ಕೋಶಗಳಿಗಿಲ್ಲ. ಆದುದರಿಂದ ಗೋಡೆಗೆ ಪೆಟ್ಟು ಕೊಡುವ ಔಷಧವು ರೋಗಿಗೆ ಹೆಚ್ಚಿನ ಹಾನಿಮಾಡದೆ ಶಿಲೀಂಧ್ರವನ್ನು ಕೊಲ್ಲಬಲ್ಲದು. 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಕ್ಯಾಸ್ಪೊಫಂಗಿನ್, ಗ್ಲೂಕನ್ ತಯಾರಾಗದಂತೆ ತಡೆಯುವ ಅಂತಹ ಔಷಧ.

ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂತಹವರಿಗೆ ಅಚ್ಚಾದ ಅಕ್ಷರವೆಲ್ಲ ಸತ್ಯವೆಂದೇ ತೋರುತ್ತದೆ. ಅಚ್ಚಾದ ತಮ್ಮ ಮತವನ್ನೇ ವ್ಯತಿರೇಕಕ್ಕೆ ಒಡ್ಡಿ, ಬಂದ ಉತ್ತರವನ್ನು ತಾವೇ ಪ್ರಕಟಿಸಿದವರ ಕಥೆಯನ್ನು ನಾವು ಪಠ್ಯದ ಪಕ್ಕದಲ್ಲಿಟ್ಟುಕೊಂಡು ಓದುವುದು ಒಳಿತು.