ಮಗ ಪರದೇಶದಲ್ಲಿ, ಪಹಣಿ ಊರಿನಲ್ಲಿ: ತೆರಿಗೆ ರಿಟರ್ನಿಗೆ ಯಾರ ಸಹಾಯ, ಯಾರ ಸಹಿ?



ನಮ್ಮ ಸದಸ್ಯರ ಮನೆಗಳಲ್ಲಿ ಈಗ ಒಬ್ಬರಲ್ಲ ಒಬ್ಬರು ಪರದೇಶದಲ್ಲಿದ್ದಾರೆ. ಮಗ ಅಮೆರಿಕದಲ್ಲಿರಬಹುದು, ಮಗಳು ದುಬಾಯಿಯಲ್ಲಿರಬಹುದು. ಅವರು ಹೋದರೂ ಅವರ ಹೆಸರು ಪಹಣಿಯಲ್ಲಿ ಉಳಿದಿರುತ್ತದೆ, ಊರಿನ ಬ್ಯಾಂಕಿನಲ್ಲಿ ಅವರ ಹೆಸರಿನ ಠೇವಣಿ ಬೆಳೆಯುತ್ತಿರುತ್ತದೆ, ಅದರ ಬಡ್ಡಿಯಲ್ಲಿ ತೆರಿಗೆ ಕಡಿತವಾಗುತ್ತಿರುತ್ತದೆ. ಹಾಗಾದರೆ ಇಲ್ಲಿನ ರಿಟರ್ನ್ ತುಂಬುವವರು ಯಾರು? ಸಹಿ ಯಾರದು? ಈ ಪಾಠದಲ್ಲಿ ಅದನ್ನು ವಿಚಾರ ಮಾಡೋಣ.

ಉದಾಹರಣೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ತೆಗೆದುಕೊಂಡಿದ್ದೇನೆ. ಕಾಫಿ-ಅಡಿಕೆಯವರಿಗೆ ಕಬ್ಬಿನ ಸೀಮೆಯ ಮಾತೇಕೆ ಎಂದು ಕೇಳಬಹುದು. ಕಾರಣವಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವಾಗ ಮುಳುಗುವ ಜಮೀನಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ದರ ನಿಗದಿ ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ್ದಕ್ಕೆ 30 ಲಕ್ಷ. ಇಂಥ ಮೊತ್ತ ಬರುವಾಗ ಆ ಕಡೆಯವರು ‘ಉತಾರ’ ಎನ್ನುವ ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರಿದ್ದು, ಒಬ್ಬನು ಹೊರದೇಶದಲ್ಲಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ನಾಳೆ ರಸ್ತೆಗೋ ವಿದ್ಯುತ್ ಮಾರ್ಗಕ್ಕೋ ನಮ್ಮ ತೋಟ ಹೋದರೆ ನಮಗೂ ಇದೇ ಪ್ರಶ್ನೆ.

ಕಾಯಿದೆಯ ಬಗ್ಗೆ ಒಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯಿದೆಯ ಬದಲು 2025ರ ಹೊಸ ಕಾಯಿದೆ ಜಾರಿಗೆ ಬಂದಿದೆ. ಅದಕ್ಕೆ ಹಿಂದಿನ ಆದಾಯಕ್ಕೆ ಹಳೆಯ ಕಾಯಿದೆಯೇ ಅನ್ವಯ. ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಇಲ್ಲಿ ತತ್ವವನ್ನಷ್ಟೇ ಹೇಳಿದ್ದೇನೆ.

1. ಅನಿವಾಸಿ ಯಾರು?

ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋಗಿ, ಏಪ್ರಿಲಿನಿಂದ ಮಾರ್ಚಿನ ವರೆಗಿನ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದವನು ಸಾಮಾನ್ಯವಾಗಿ ಅನಿವಾಸಿ. ಭಾರತದ ಆದಾಯ 15 ಲಕ್ಷ ದಾಟಿದವರಿಗೆ ಇನ್ನೂ ಬಿಗಿಯಾದ ಎಣಿಕೆಯುಂಟು. ಪಾಸ್‌ಪೋರ್ಟಿನ ಮೊಹರುಗಳೇ ಇದಕ್ಕೆ ಸಾಕ್ಷಿ. ಅನಿವಾಸಿಗೆ ಇಲ್ಲಿ ತೆರಿಗೆ ಬೀಳುವುದು ಭಾರತದ ಆದಾಯದ ಮೇಲೆ ಮಾತ್ರ, ಅಲ್ಲಿನ ಸಂಬಳದ ಮೇಲೆ ಅಲ್ಲ.

2. ಯಾವ ಆದಾಯಕ್ಕೆ ಏನು?

ಅಡಿಕೆ, ಕಬ್ಬು, ಹಾಗೂ ಸಂಸ್ಕರಿಸದೆ ಮಾರಿದ ಕಾಫಿ ಕೃಷಿ ಆದಾಯ. ಮಾಲೀಕ ಎಲ್ಲಿದ್ದರೂ ಇದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರನೇ ಕಾಫಿಯನ್ನು ಸಂಸ್ಕರಿಸಿ ಮಾರಿದರೆ ಆ ಆದಾಯದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಸರಕಾರ 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಕೊಟ್ಟ ಪರಿಹಾರಕ್ಕೆ ತೆರಿಗೆ ಇಲ್ಲ. ಕೇಂದ್ರ ನೇರ ತೆರಿಗೆ ಮಂಡಳಿ 2016ರ ಅಕ್ಟೋಬರಿನ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದರೆ ಪರಿಹಾರ ತಡವಾದುದಕ್ಕೆ ಬರುವ ಬಡ್ಡಿಯ ಮಾತು ಬೇರೆ. ಅದು ಕೈಗೆ ಬಂದ ವರ್ಷ ಅದರ ಅರ್ಧ ತೆರಿಗೆಗೆ ಒಳಪಡುತ್ತದೆ. ಆದುದರಿಂದ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಆದೇಶದಲ್ಲಿ ಬೇರೆ ಬೇರೆ ಬರೆಸಿಕೊಳ್ಳತಕ್ಕದ್ದು.

ಖಾಸಗಿಯವರಿಗೆ ಜಮೀನು ಮಾರಿದರೆ ಅದು ಎಲ್ಲಿದೆ ಎಂಬುದು ಮುಖ್ಯ. 2011ರ ಜನಗಣತಿಯಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಮೂರೂ 10 ಸಾವಿರ ದಾಟಿದ, ಲಕ್ಷ ಮುಟ್ಟದ ಪಟ್ಟಣಗಳು. ಇಂಥ ಪಟ್ಟಣದ ಮಿತಿಯೊಳಗೆ, ಅಥವಾ ಮಿತಿಯಿಂದ 2 ಕಿಲೋಮೀಟರಿನೊಳಗೆ ಇರುವ ಹೊಲ ತೆರಿಗೆಯ ದೃಷ್ಟಿಯಲ್ಲಿ ಗ್ರಾಮೀಣ ಜಮೀನಲ್ಲ, ಮಾರಿದ ಲಾಭಕ್ಕೆ ತೆರಿಗೆ ಉಂಟು. ಅದರಾಚೆಯ ಕೃಷಿ ಜಮೀನಿಗೆ ಇಲ್ಲ. ಅನಿವಾಸಿಯಿಂದ ಕೊಳ್ಳುವವನು ತೆರಿಗೆಯನ್ನು ತಾನೇ ಕಡಿದು ಸರಕಾರಕ್ಕೆ ಕಟ್ಟಬೇಕು. ಲಾಭ ಎಷ್ಟೆಂದು ತಿಳಿಯದ ಕಾರಣ ಅವನು ಪೂರ್ತಿ ಬೆಲೆಯ ಮೇಲೆಯೇ ಕಡಿಯುತ್ತಾನೆ. ಹಾಗಾಗದಂತೆ ಮಾರುವ ಮೊದಲೇ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯಬಹುದು.

ಇನ್ನೊಂದು ವಿಷಯ. ಅನಿವಾಸಿಯು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು.

3. ಒಂದು ಲೆಕ್ಕ

ಮೂವರಲ್ಲಿ ಕಿರಿಯವನು ಅನಿವಾಸಿ ಎಂದಿಟ್ಟುಕೊಳ್ಳೋಣ. ಅವನ ಪಾಲಿನ ಹಣ ಅನಿವಾಸಿಗಳ ಎನ್‌ಆರ್‌ಒ ಖಾತೆಯಲ್ಲಿ ಠೇವಣಿಯಾಗಿದೆ. ವರ್ಷದ ಬಡ್ಡಿ 1,60,000 ರೂಪಾಯಿ. ಬ್ಯಾಂಕು ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್, ಅಂದರೆ ಒಟ್ಟು ಶೇಕಡಾ 31.2ರಂತೆ 49,920 ರೂಪಾಯಿ ಕಡಿಯುತ್ತದೆ. ತೆರಿಗೆ ಇಲ್ಲವೆಂದು ಹಿರಿಯರು ಬ್ಯಾಂಕಿಗೆ ಬರೆದುಕೊಡುವ ನಮೂನೆ ಅನಿವಾಸಿಗೆ ಬರುವುದಿಲ್ಲ.

ಇಲ್ಲಿ ಅವನಿಗೆ ಬೇರೆ ತೆರಿಗೆಯ ಆದಾಯವಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆದುದರಿಂದ ಕಡಿದ 49,920 ರೂಪಾಯಿ ಪೂರ್ತಿ ಅವನದೇ. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ವಾಪಸು ಬರುತ್ತದೆ. ಸಾಮಾನ್ಯವಾಗಿ ಜುಲೈ 31 ಗಡುವು. ತಪ್ಪಿದರೆ ತಡದ ಶುಲ್ಕದೊಂದಿಗೆ ಡಿಸೆಂಬರ್ 31. ಅದೂ ತಪ್ಪಿದರೆ ತಡವನ್ನು ಮನ್ನಿಸಿರೆಂದು ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು.

‘12 ಲಕ್ಷದ ತನಕ ತೆರಿಗೆ ಇಲ್ಲವಲ್ಲ’ ಎಂದು ಅನೇಕರು ಹೇಳುತ್ತಾರೆ. ಅದು ಭಾರತದ ನಿವಾಸಿಗಳಿಗೆ ಕೊಟ್ಟ ರಿಯಾಯಿತಿ, ಅನಿವಾಸಿಗೆ ಇಲ್ಲ. ಜಮೀನು ಮಾರಿದ ಲಾಭಕ್ಕೆ 4 ಲಕ್ಷದ ಮಿತಿಯನ್ನು ಹೊಂದಿಸಿಕೊಳ್ಳುವ ಅನುಕೂಲವೂ ಅವನಿಗಿಲ್ಲ.

4. ಸಹಿ ಯಾರದು?

ಈ ಪಾಠದ ಮುಖ್ಯ ಭಾಗ ಇದೇ. ಮಗನ ಹಳೆಯ ಮೊಬೈಲು ಮನೆಯಲ್ಲಿದೆ, ಅದಕ್ಕೆ ಓಟಿಪಿ ಬರುತ್ತದೆ, ಒತ್ತಿದರಾಯಿತು ಎಂದು ತಂದೆ ತಿಳಿಯುತ್ತಾರೆ. ಪೇಟೆಯ ಅಂಗಡಿಯವನೂ ಹಾಗೆಯೇ ಮಾಡಿಕೊಡುತ್ತಾನೆ. ಆದರೆ ರಿಟರ್ನ್ ಎಂದರೆ ‘ಇದೆಲ್ಲ ಸತ್ಯ’ ಎಂದು ಮಗ ಸರಕಾರಕ್ಕೆ ಕೊಡುವ ಮಾತು. ಅವನು ನೋಡದ ಕಾಗದಕ್ಕೆ ಅವನ ಹೆಸರಿನಲ್ಲಿ ಮಾತು ಕೊಟ್ಟರೆ, ನೋಟೀಸು ಬಂದಾಗ ಉತ್ತರ ಕೊಡಬೇಕಾದವನೂ ಅವನೇ.

ಕಾಯಿದೆ ಎರಡು ನೇರ ದಾರಿ ಕೊಟ್ಟಿದೆ. ಮೊದಲನೆಯದು, ಇಲ್ಲಿ ತಯಾರಿಸಿದ ರಿಟರ್ನನ್ನು ಮಗ ಅಲ್ಲಿಯೇ ಓದಿ ತಾನೇ ದೃಢೀಕರಿಸುವುದು. ಆಧಾರ್ ಓಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಆಗಬಹುದು. ಇಲ್ಲವೇ ಸಹಿ ಮಾಡಿದ ಒಂದು ಹಾಳೆಯನ್ನು 30 ದಿನದೊಳಗೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ತಲುಪಿಸಬಹುದು. ಎರಡನೆಯದು ಮುಖತ್ಯಾರ ಪತ್ರ. ದೇಶದಲ್ಲಿಲ್ಲದವನ ಪರವಾಗಿ ಅವನು ಅಧಿಕಾರ ಕೊಟ್ಟವರು ಸಹಿ ಮಾಡಬಹುದು. ಇಲಾಖೆಯ ಪೋರ್ಟಲಿನಲ್ಲಿ ಅಂಥವರನ್ನು ನೋಂದಾಯಿಸಲು ಅವಕಾಶವಿದೆ. ಪತ್ರವನ್ನು ಅಲ್ಲಿನ ನೋಟರಿ ಅಥವಾ ಭಾರತದ ದೂತಾವಾಸದ ಮುಂದೆ ಮಾಡಿಸಿ, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ರಿಟರ್ನ್ ಸಲ್ಲಿಸುವ ಅಧಿಕಾರ ಎಂದು ಅದರಲ್ಲಿ ಬಿಡಿಸಿ ಬರೆದಿರಲಿ. ತೆರಿಗೆಗಾಗಿ ಮಾಡಿಸುವ ಪತ್ರದಲ್ಲಿ ಜಮೀನು ಮಾರುವ ಅಧಿಕಾರ ಸೇರಿಸಬೇಕಾಗಿಲ್ಲ. ಅಣ್ಣತಮ್ಮಂದಿರ ಪ್ರೀತಿ ಉಳಿಯಬೇಕಾದರೆ ಅಧಿಕಾರಕ್ಕೆ ಬೇಲಿ ಇರುವುದು ಒಳ್ಳೆಯದು.

5. ಸಹಾಯಕರನ್ನು ಆರಿಸುವ ಬಗೆ

ಮೂರು ಪ್ರಶ್ನೆ ಕೇಳಿರಿ. ಯಾವ ನಮೂನೆ ತುಂಬುತ್ತೀರಿ? ಮೊದಲನೆಯ ನಮೂನೆ, ಐಟಿಆರ್-1, ಅನಿವಾಸಿಗೆ ಬರುವುದಿಲ್ಲ. ಕೃಷಿ ಆದಾಯ 5 ಲಕ್ಷ ದಾಟಿದರೆ ಏನೇನು ಬೇಕು? ಜಿಲ್ಲೆ, ಪಿನ್ ಕೋಡ್, ಜಮೀನಿನ ಅಳತೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರ ಕೊಡಬೇಕೆಂದು ಅವರು ಹೇಳಬೇಕು. ಶುಲ್ಕ ಹೇಗೆ? ವಾಪಸು ಬರುವ ಹಣದಲ್ಲಿ ಇಷ್ಟು ಪಾಲು ಎಂದರೆ ಅಲ್ಲಿಂದ ಎದ್ದು ಬನ್ನಿ. ಸನ್ನದು ಲೆಕ್ಕಪರಿಶೋಧಕರು ಹಾಗೆ ಪಾಲು ಕೇಳುವುದನ್ನು ಅವರ ಕಾಯಿದೆಯೇ ನಿಷೇಧಿಸಿದೆ.

6. ಆಚೆಯ ದೇಶದ ಲೆಕ್ಕ

ದುಬಾಯಿಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಅಮೆರಿಕದ ತೆರಿಗೆ ನಿವಾಸಿಯು ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕು. ಇಲ್ಲಿ ತೆರಿಗೆ ಇಲ್ಲದ ಅಡಿಕೆಯ ಹಣಕ್ಕೂ ಭೂಮಿಯ ಪರಿಹಾರಕ್ಕೂ ಅಷ್ಟರಿಂದಲೇ ಅಲ್ಲಿ ವಿನಾಯಿತಿ ಸಿಗುವುದಿಲ್ಲ. ಅವನ ಹೊರದೇಶದ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಬೇರೆ ವರದಿ ಕೊಡಬೇಕು. ಇಲ್ಲಿ ನಿಜವಾಗಿ ಬಾಕಿಯಾದ ತೆರಿಗೆಯನ್ನು ಅಲ್ಲಿ ವಜಾ ಪಡೆಯಬಹುದು, ವಾಪಸು ಬರಬೇಕಾದ ಕಡಿತವನ್ನಲ್ಲ. ಆದುದರಿಂದ ‘ಇಲ್ಲಿ ಕಡಿದರೇನು, ಅಲ್ಲಿ ವಜಾ ಆಗುತ್ತದೆ’ ಎಂದು ರಿಟರ್ನ್ ಬಿಡುವುದು ಎರಡು ಕಡೆ ನಷ್ಟ.

7. ಮನೆಯವರು ಮಾಡಬೇಕಾದುದು

ಅಲ್ಲಿನ ವರ್ಷ ಜನವರಿಯಿಂದ, ನಮ್ಮದು ಏಪ್ರಿಲಿನಿಂದ. ಹಾಗಾಗಿ ವರ್ಷದ ಒಂದೇ ಮೊತ್ತ ಕಳುಹಿಸಿದರೆ ಮಗನಿಗೆ ಉಪಯೋಗವಿಲ್ಲ. ತಿಂಗಳುವಾರು ಬರೆದಿಡಿ. ಬೆಳೆ ಮಾರಿದ ಪಟ್ಟಿ, ಗೊಬ್ಬರ ಮತ್ತು ಕೂಲಿಯ ಲೆಕ್ಕ, ಪಹಣಿ, ಪರಿಹಾರದ ಆದೇಶ, ಬ್ಯಾಂಕಿನ ಕಡಿತದ ಪ್ರಮಾಣಪತ್ರ, ಇವನ್ನು ಒಂದು ಕಡತದಲ್ಲಿ ಇಟ್ಟು ಪ್ರತಿಗಳನ್ನು ಕಳುಹಿಸಿರಿ. ಸಂಘಕ್ಕೆ ಮಾಲು ಹಾಕುವಾಗ ಮಗನ ಪಾಲಿನ ಫಸಲು ಮಗನ ಹೆಸರಿನಲ್ಲಿಯೇ ಪಟ್ಟಿಯಾಗಲಿ. ತಂದೆಯ ಹೆಸರಿನಲ್ಲಿ ಮಾರಿ, ಮಗನ ರಿಟರ್ನಿನಲ್ಲಿ ತೋರಿಸಿದರೆ ಎರಡೂ ಲೆಕ್ಕ ಕೆಡುತ್ತವೆ.

ತೋಟ ನೋಡಿಕೊಳ್ಳುವವರು ಊರಿನಲ್ಲಿದ್ದರೆ ಸಾಕು, ಲೆಕ್ಕಕ್ಕೆ ಮಾತ್ರ ಮಾಲೀಕನ ಕಣ್ಣು ಬೀಳಲೇಬೇಕು. ಮುಂದಿನ ಸಲ ಮಗ ಫೋನು ಮಾಡಿದಾಗ ಮಳೆ-ಬೆಳೆ ವಿಚಾರಿಸಿದ ಮೇಲೆ ಇದೊಂದನ್ನೂ ಕೇಳಿರಿ: ಈ ವರ್ಷದ ರಿಟರ್ನನ್ನು ನೀನು ಓದಿದ್ದೀಯಾ?